ಪ್ಯಾಡ್ ಒಣಗಿಯೇ ಇತ್ತು

ಬೆಳಿಗ್ಗೆ ರೌಂಡ್ಸ್‌ಗೆ ಹೋದಾಗ 4ನೇ ಬೆಡ್ಡಿನ ಅಜ್ಜನ ಯೂರಿನ್ ಬ್ಯಾಗ್ ಕೆಂಪಾಗಿತ್ತು. ಸ್ವಲ್ಪ ಕೆಂಪಲ್ಲ, ಬೀಟ್‌ರೂಟ್ ಬೇಯಿಸಿದ ನೀರಿನ ಹಾಗೆ. ಹರ್ನಿಯಾ ಆಪರೇಷನ್ ಆಗಿ ಎರಡೇ ದಿನ. ಬ್ಲಾಡರ್‌ಗೆ ಏನಾದರೂ ತಾಗಿತಾ ಅಂತ ನನ್ನ ಎದೆ ಧಸಕ್ ಎಂದಿತು. ಸ್ಯಾಂಪಲ್ ಲ್ಯಾಬಿಗೆ ಕಳಿಸಿದೆ. ತಿಂಡಿ ತಿನ್ನುತ್ತಿದ್ದ ಚೀಫ್‌ಗೆ ಫೋನ್ ಹಚ್ಚಿದೆ.

"ಇವತ್ತು ತಾರೀಕು ಎಷ್ಟು?" ಎಂದರು.

"ಆಗಸ್ಟ್ 4 ಸರ್."

"ನಿನ್ನದು ಯಾವ ಊರು?"

"ದಾವಣಗೆರೆ ಸರ್."

"ಅದಕ್ಕೇ," ಎಂದು ಫೋನ್ ಇಟ್ಟರು.

ಹಿಂದಿನ ದಿನ ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಕೊಡಗಿನಲ್ಲಿ ಆವತ್ತು ಮದ್ದು ಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಆ ದಿನ ಆ ಸೊಪ್ಪಿನಲ್ಲಿ 18 ಥರದ ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಕುದಿಸಿದರೆ ನೇರಳೆ ಬಣ್ಣದ ರಸ ಬಿಡುತ್ತದೆ. ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ. ಅಜ್ಜನ ಸೊಸೆ ಸ್ಟೀಲ್ ಡಬ್ಬದಲ್ಲಿ ತಂದು, ತುಪ್ಪ ಹಾಕಿ, ಎರಡು ಬಟ್ಟಲು ತಿನ್ನಿಸಿ ಹೋಗಿದ್ದರು. ಇದು ವಾರ್ಡಿನ ಆಯಾಗೂ ಗೊತ್ತು. ಎಂಬಿಬಿಎಸ್ ಮಾಡಿದ ನನಗೆ ಗೊತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಹೋದರೆ ಕ್ಯಾಂಟೀನ್ ಹುಡುಗ, "ಡಾಕ್ಟ್ರೇ, ಇವತ್ತು ಬೀಟ್‌ರೂಟ್ ಪಲ್ಯ ಉಂಟು, ಹೆದರಬೇಡಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ನಗು ರಾತ್ರಿವರೆಗೂ ಗಂಟಲಲ್ಲೇ ಇತ್ತು. ಮುಂದೆ ಆದದ್ದಕ್ಕೆಲ್ಲ ಅದೂ ಒಂದು ಕಾರಣ, ಅದಕ್ಕೇ ಇಷ್ಟು ಉದ್ದ ಹೇಳಿದೆ.

ವಿರಾಜಪೇಟೆ ಕಡೆಯ ಸಣ್ಣ ಆಸ್ಪತ್ರೆ ಅದು. ಹೆಸರು ಬೇಡ. ಆವತ್ತು ಲಿಸ್ಟ್‌ನಲ್ಲಿ ಎರಡು ಕೇಸು, ಎರಡನೆಯದು ಪೈಲ್ಸ್. ಪೇಷಂಟ್ ಒಂದು ಕಾಫಿ ತೋಟದ ರೈಟರ್, 52 ವರ್ಷ. ಇಲ್ಲಿ ರೈಟರ್ ಅಂದರೆ ಕತೆ ಬರೆಯುವವರಲ್ಲ, ಆಳುಗಳ ಲೆಕ್ಕ ಬರೆಯುವವರು. ಆರು ವರ್ಷದಿಂದ ರಕ್ತ ಹೋಗುತ್ತಿತ್ತಂತೆ. ನಾಚಿಕೆಯಿಂದ ಹೆಂಡತಿಗೂ ಹೇಳಿರಲಿಲ್ಲ. 'ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ' ಅಂತ ಬೋರ್ಡ್ ಹಾಕಿದ ಕಡೆ ಹೋಗಿ ಎರಡು ಸಲ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರು. ನಮ್ಮ ಚೀಫ್ ಮೊದಲು ಮೈಸೂರಿಗೆ ಕಳಿಸಿ ಕೊಲೊನೋಸ್ಕೋಪಿ ಮಾಡಿಸಿದರು. ಈ ವಯಸ್ಸಿನಲ್ಲಿ ರಕ್ತ ಹೋದರೆ ಮೇಲೆ ಎಲ್ಲೂ ಗೆಡ್ಡೆ ಇಲ್ಲ ಅಂತ ಖಾತ್ರಿಯಾಗದೆ ಅವರು ಕತ್ತರಿ ಮುಟ್ಟುವುದಿಲ್ಲ. ಪೈಲ್ಸ್ ಇದ್ದವರಿಗೆ ಕ್ಯಾನ್ಸರ್ ಬರಬಾರದು ಅಂತ ರೂಲ್ಸ್ ಇದೆಯಾ ಅಂತ ಕೇಳುತ್ತಾರೆ.

ಮಾಡಿದ್ದು ಹಳೇ ಓಪನ್ ಆಪರೇಷನ್ನೇ. ಮಿಲ್ಲಿಗನ್, ಮಾರ್ಗನ್ ಎಂಬ ಸರ್ಜನ್‌ಗಳು ಅದನ್ನು 1937ರಲ್ಲಿ ಬರೆದರು. 1998ರಲ್ಲಿ ಇಟಲಿಯ ಲಾಂಗೊ ಸ್ಟೇಪ್ಲರ್ ವಿಧಾನ ತಂದರು. ಆದರೆ ನಮ್ಮ ಮ್ಯಾನೇಜ್‌ಮೆಂಟ್ ಮುಂದೆ ಸ್ಟೇಪ್ಲರ್ ಅಂದರೆ, "ಒಂದು ಸಲ ಬಳಸಿ ಬಿಸಾಡೋ ವಸ್ತುವಿಗೆ ಅಷ್ಟು ದುಡ್ಡಾ?" ಅನ್ನುತ್ತಾರೆ. ಅದು ಹೋಗಲಿ, ಈ ಕೇಸಿಗೆ ಓಪನ್ನೇ ಸರಿ ಅಂತ ಚೀಫ್ ಹೇಳಿದರು. ಗುದದ್ವಾರವನ್ನು ಗಡಿಯಾರ ಅಂದುಕೊಂಡರೆ 3, 7, 11 ಗಂಟೆಯ ಜಾಗದಲ್ಲಿ ಮೂರು ಪೆಡಿಕಲ್, ಅಂದರೆ ಪೈಲ್ಸ್‌ಗೆ ರಕ್ತ ತರುವ ಬುಡ. ಮೂರನ್ನೂ ಬಿಡಿಸಿದ್ದು ಅವರು. 7 ಗಂಟೆಯದನ್ನು ಮಾತ್ರ, "ನೀನು ಕಟ್ಟು" ಎಂದರು. ಕಟ್ಟಿದೆ. "ಸರಿ ಉಂಟು," ಎಂದರು. ಗಾಯಕ್ಕೆ ಪ್ಯಾಕ್, ಹೊರಗೆ ಪ್ಯಾಡ್, ಟಿ ಬ್ಯಾಂಡೇಜ್. ಮಧ್ಯಾಹ್ನ 1 ಗಂಟೆಗೆ ವಾರ್ಡಿಗೆ ಬಿಟ್ಟೆವು.

ಸಂಜೆ 6 ಗಂಟೆಗೆ ಪಲ್ಸ್ 84, ಬಿಪಿ 130/80. ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಟ್ಟ ಇಂಜೆಕ್ಷನ್, ಇಳಿದಿತ್ತು. ರೈಟರ್ ಕಾಫಿ ಕೇಳಿದರು.

ರಾತ್ರಿ 9:30ಕ್ಕೆ ದೊಡ್ಡ ಸಿಸ್ಟರ್ ಡ್ಯೂಟಿ ರೂಮಿಗೆ ಬಂದರು. 22 ವರ್ಷದ ಸರ್ವೀಸ್ ಅವರದು. "ಸರ್, ರೈಟರ್‌ಗೆ ಕಕ್ಕಸಿಗೆ ಹೋಗಬೇಕು ಅನಿಸ್ತದಂತೆ. ಪಲ್ಸ್ 104."

ಹೋಗಿ ನೋಡಿದೆ. ಪ್ಯಾಡ್ ಬಿಚ್ಚಿದೆ. ಒಣಗಿಯೇ ಇತ್ತು. ಒಂದು ರೂಪಾಯಿ ನಾಣ್ಯದಷ್ಟು ಕಲೆ, ಅದೂ ಹಳೆಯದು. "ಒಳಗೆ ಪ್ಯಾಕ್ ಇದೆ ಅಲ್ವಾ, ಹಾಗೇ ಅನಿಸುತ್ತೆ. ನೋವಿಗೆ ಪಲ್ಸ್ ಏರಿದೆ," ಎಂದು ಟ್ರಮಡಾಲ್ ಬರೆದೆ. ಸಿಸ್ಟರ್ ಒಂದು ಕ್ಷಣ ಅಲ್ಲೇ ನಿಂತರು. "ಚೀಫ್‌ಗೆ ಒಂದು ಮಾತು ಹೇಳೋಣ್ವಾ?" ಎಂದರು. ನನ್ನ ಕಿವಿಯಲ್ಲಿ ಕ್ಯಾಂಟೀನಿನ ನಗು ಕೇಳಿತು. "ಬೇಡ, ನಾನು ನೋಡ್ಕೋತೀನಿ," ಎಂದೆ. ಇನ್ನೊಂದು ನಿಜ ಹೇಳಬೇಕು. ಹೇಳಿದರೆ ಅವರು ಮೊದಲು ಕೇಳುವುದು 7 ಗಂಟೆಯ ಗಂಟಿನ ಬಗ್ಗೆ. ಅದು ನನ್ನದು.

10:45ಕ್ಕೆ ಮತ್ತೆ ಕರೆದರು. ಪಲ್ಸ್ 116, ಬಿಪಿ 110/80. ಕೈ ಮುಟ್ಟಿದೆ, ತಣ್ಣಗಿತ್ತು. ಆಗಸ್ಟ್‌ನ ಕೊಡಗಿನಲ್ಲಿ ಯಾರ ಕೈ ಬೆಚ್ಚಗಿರುತ್ತದೆ ಹೇಳಿ? ಹೊರಗೆ ಮಳೆ ಜಪ್ಪುತ್ತಿತ್ತು. ಪ್ಯಾಡ್ ಮತ್ತೆ ನೋಡಿದೆ, ಮತ್ತೆ ಒಣಗಿತ್ತು. ಇನ್ನೊಂದು ಕಂಬಳಿ ಹೊದಿಸಲು ಹೇಳಿದೆ. ರೈಟರ್ ಮೇಲ್ತುಟಿಯ ಮೇಲೆ ಬೆವರಿನ ಸಣ್ಣ ಹನಿಗಳಿದ್ದವು. ನೋಡಿದೆ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ. ಅಷ್ಟು ಚಳಿಯಲ್ಲಿ, ಎರಡು ಕಂಬಳಿಯೊಳಗೆ ನಡುಗುತ್ತಾ ಬೆವರುವ ಮನುಷ್ಯನಿಗೆ ನಾನು, "ಗ್ಯಾಸ್ ಇರಬಹುದು," ಎಂದೆ.

ಆಮೇಲೆ ಓದಿಕೊಂಡದ್ದು ಬೇಡ, ಆಗಲೇ ಓದಿದ್ದೆ ಇದನ್ನೆಲ್ಲ. ಸ್ಪೈನಲ್ ಇಳಿದು ಬಿಪಿ ಮೇಲೆ ಬರುವಾಗ ಗಂಟು ಜಾರಬಹುದು. ಮೊದಲ 24 ಗಂಟೆಯ ಬ್ಲೀಡಿಂಗ್ ಅಂದರೆ ಬಹಳ ಸಲ ಇದೇ. ವಾರ, ಹತ್ತು ದಿನ ಬಿಟ್ಟು ಆಗುವುದು ಬೇರೆ, ಅದು ಇನ್‌ಫೆಕ್ಷನ್ನಿಂದ. ಗುದದ್ವಾರ ಮುಚ್ಚುವ ಸ್ನಾಯು, ಸ್ಫಿಂಕ್ಟರ್, ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಮೇಲೆ ನಮ್ಮದೇ ಪ್ಯಾಕ್ ಬಿರಡೆ ಥರ ಕೂತಿರುತ್ತದೆ. ರಕ್ತ ಹೊರಗೆ ಬರದೆ ಮೇಲಕ್ಕೆ, ದೊಡ್ಡ ಕರುಳಿನ ಕೊನೆಯ ಭಾಗವಾದ ರೆಕ್ಟಮ್ ಒಳಗೆ ತುಂಬುತ್ತಾ ಹೋಗುತ್ತದೆ. ತುಂಬಿದ ರೆಕ್ಟಮ್ ಏನು ಹೇಳುತ್ತದೆ? ಕಕ್ಕಸಿಗೆ ಹೋಗಬೇಕು ಅನ್ನುತ್ತದೆ. ರೈಟರ್ ಅದನ್ನೇ 9:30ರಿಂದ ಹೇಳುತ್ತಿದ್ದರು.

11:20ಕ್ಕೆ ಅವರ ಹೆಂಡತಿ ಕಿರುಚಿದ್ದು ಕೇಳಿಸಿತು. ಯಾರಿಗೂ ಹೇಳದೆ ಹೆಂಡತಿಯ ಭುಜ ಹಿಡಿದು ಕಕ್ಕಸಿಗೆ ಹೋಗಿದ್ದರು. ಕೂತರಂತೆ. ಪ್ಯಾಕ್ ಸಮೇತ ಎಲ್ಲ ಒಟ್ಟಿಗೆ ಬಂದಿದೆ. ನಾನು ಹೋಗುವಾಗ ಗೋಡೆಗೆ ಒರಗಿ ಜಾರಿದ್ದರು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಬಿಳಿ ಟೈಲ್ಸ್ ಮೇಲೆ ಅಂಗೈ ಅಗಲದ ಕ್ಲಾಟ್‌ಗಳು, ಲಿವರ್ ತುಂಡಿನ ಹಾಗೆ. ಬಿಪಿ 76/50.

ಎತ್ತಿ ತಂದು ಮಲಗಿಸಿ ಕಾಲು ಎತ್ತರಿಸಿದೆವು. ಎರಡು ಕೈಗೂ ದಪ್ಪನೆಯ ಗ್ರೇ ಕ್ಯಾನುಲಾ, ಆರ್‌ಎಲ್ ಡ್ರಿಪ್ ಫುಲ್ ಸ್ಪೀಡ್. ಎರಡನೇ ಕ್ಯಾನುಲಾಗೆ ಟೇಪ್ ಹಚ್ಚುವಾಗ ಕರೆಂಟ್ ಹೋಯಿತು. ಜನರೇಟರ್ ಬರಲಿಲ್ಲ. ಡೀಸೆಲ್ ಇತ್ತು, ಬೀಗದ ಕೈ ವಾಚ್‌ಮನ್ ಹತ್ತಿರ, ವಾಚ್‌ಮನ್ ಎಲ್ಲಿ ಅಂತ ಗೊತ್ತಿಲ್ಲ. ಚೀಫ್‌ಗೆ ಫೋನ್ ಮಾಡಿದರೆ ಆ ಹೆಣ್ಣುಧ್ವನಿ ನಿಧಾನವಾಗಿ, 'ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಅನ್ನುತ್ತಿತ್ತು. ಮಳೆಗೆ ಟವರ್ ಮಲಗಿತ್ತು. ಲ್ಯಾಂಡ್‌ಲೈನ್ ಇತ್ತು ಮೊದಲು. ಖರ್ಚು ಕಡಿಮೆ ಮಾಡಲು ಹಿಂದಿನ ವರ್ಷ ತೆಗೆಸಿದ್ದರು.

ಆಂಬ್ಯುಲೆನ್ಸ್ ಇದ್ದದ್ದು ಒಂದು. ಚೀಫ್ ಮನೆ 4 ಕಿಲೋಮೀಟರ್, ಬ್ಲಡ್ ಬ್ಯಾಂಕ್ ಮಡಿಕೇರಿಯಲ್ಲಿ. ಯಾವುದಕ್ಕೆ ಕಳಿಸಲಿ? ಪೈಲ್ಸ್ ಪ್ಯಾಕೇಜಿನಲ್ಲಿ ರಕ್ತ ಹೊಂದುತ್ತದಾ ಅಂತ ನೋಡುವ ಕ್ರಾಸ್ ಮ್ಯಾಚ್ ಸೇರುವುದಿಲ್ಲ, ಹಾಗಾಗಿ ಒಂದು ಬಾಟಲಿಯನ್ನೂ ರಿಸರ್ವ್ ಮಾಡಿರಲಿಲ್ಲ. ಆ ಫಾರ್ಮಿಗೆ ಸೈನ್ ಹಾಕಿದ್ದು ನಾನೇ. ಆಂಬ್ಯುಲೆನ್ಸ್ ಚೀಫ್ ಮನೆಗೆ ಹೋಯಿತು. ಸ್ಯಾಂಪಲ್ ಹಿಡಿದು ತೋಟದ ಜೀಪಿನಲ್ಲಿ ರೈಟರ್ ಮಗ ಬೇತ್ರಿ, ಮೂರ್ನಾಡು ದಾರಿಯಲ್ಲಿ ಹೊರಟ. ಬೇತ್ರಿಯಲ್ಲಿ ಹೊಳೆ ಎಷ್ಟು ಏರಿದೆ ಅಂತ ಯಾರೂ ಕೇಳಲಿಲ್ಲ.

ನಾನು ಗಾಜ್ ತುರುಕುತ್ತಿದ್ದೆ. ತುರುಕಿದ್ದು ನೆನೆಯುತ್ತಿತ್ತು, ಮತ್ತೆ ತುರುಕುತ್ತಿದ್ದೆ. ಆಗ ದೊಡ್ಡ ಸಿಸ್ಟರ್ ಮೊಬೈಲ್ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಫೋಲೀಸ್ ಪ್ಯಾಕೆಟ್ ಹರಿದರು. ಮೂತ್ರಕ್ಕೆ ಹಾಕುವ, ತುದಿಯಲ್ಲಿ ಬಲೂನ್ ಇರುವ ನಳಿಕೆ ಅದು. ಟಾರ್ಚ್ ತೆಗೆದು, "ಇದನ್ನು ಒಳಗೆ ಹಾಕಿ," ಎಂದರು. ನಾನು ಪೆದ್ದನ ಹಾಗೆ, "ಯೂರಿನ್‌ಗಾ?" ಎಂದೆ. "ಹಿಂದೆ! ಬಲೂನ್ ಉಬ್ಬಿಸಿ ಎಳೀರಿ!"

ಹಾಕಿದೆ. 30 ಎಂಎಲ್ ತುಂಬಿಸಿದೆ. ಕೆಳಕ್ಕೆ ಎಳೆದು ಹಿಡಿದೆ. ಬಲೂನ್ ಬಂದು ಪೆಡಿಕಲ್‌ಗಳ ಮೇಲೆ ಕೂತದ್ದು ಕೈಗೆ ಗೊತ್ತಾಯಿತು. ಹರಿಯುತ್ತಿದ್ದದ್ದು ತೊಟ್ಟಿಕ್ಕತೊಡಗಿತು. ಟೇಪ್ ಹಾಕಿ ತೊಡೆಗೆ ಅಂಟಿಸಿ ಅಂದರು ಸಿಸ್ಟರ್. ಅಂಟಿಸಿದೆ, ಆದರೂ ಕೈ ಬಿಡಲು ಧೈರ್ಯ ಬರಲಿಲ್ಲ. ಚೀಫ್ ರೇನ್‌ಕೋಟಿನಲ್ಲಿ ನೀರು ಸುರಿಸುತ್ತಾ ಬರುವವರೆಗೆ, ಸುಮಾರು 35 ನಿಮಿಷ, ಆ ರಬ್ಬರ್ ನಳಿಕೆ ಹಿಡಿದುಕೊಂಡೇ ಮೊಣಕಾಲೂರಿ ಕೂತಿದ್ದೆ. ಅಷ್ಟರಲ್ಲಿ ಜನರೇಟರ್ ಬಂತು. ಬಿಪಿ 90 ಆಗಿತ್ತು. ರೈಟರ್ ಕಣ್ಣು ಬಿಟ್ಟು, "ಕಕ್ಕಸಿಗೆ ಹೋಗಬೇಕು," ಎಂದರು.

ಓಟಿಯಲ್ಲಿ ಮತ್ತೆ ಲಿಥಾಟಮಿ, ಕಾಲು ಮೇಲೆತ್ತಿ ಮಲಗಿಸುವ ಭಂಗಿ. ಈ ಬಿಪಿಗೆ ಸ್ಪೈನಲ್ ಕೊಡಲ್ಲ ಅಂತ ಅನಸ್ತೇಷಿಯಾದವರು ಪೂರ್ತಿ ಪ್ರಜ್ಞೆ ತಪ್ಪಿಸುವ ಜಿಎ ಕೊಟ್ಟರು. ಚೀಫ್ ಕ್ಲಾಟ್ ತೊಳೆದು ಸ್ಪೆಕ್ಯುಲಮ್ ತಿರುಗಿಸಿದರು. ನಾನು 7 ಗಂಟೆಯನ್ನೇ ನೋಡುತ್ತಿದ್ದೆ. ಅದು ಗಟ್ಟಿಯಾಗಿ ಕೂತಿತ್ತು. ಚಿಮ್ಮುತ್ತಿದ್ದದ್ದು 3 ಗಂಟೆಯದು.

"ನನ್ನದು," ಎಂದರು ಚೀಫ್. ಅಷ್ಟೇ. 2-0 ವಿಕ್ರಿಲ್ ದಾರದಲ್ಲಿ ಫಿಗರ್ ಆಫ್ ಎಯ್ಟ್ ಹೊಲಿಗೆ ಹಾಕಿದರು, ನಿಂತಿತು.

ಆ ಕ್ಷಣ ನನಗೆ ಆದದ್ದು ಖುಷಿ. ಎದುರಿಗೆ ಮನುಷ್ಯ ಬೂದಿ ಬಣ್ಣಕ್ಕೆ ತಿರುಗಿ ಮಲಗಿದ್ದಾನೆ, ನನಗೆ ಗಂಟು ನನ್ನದಲ್ಲ ಅಂತ ಖುಷಿ. ನೆನೆಸಿಕೊಂಡರೆ ಇವತ್ತಿಗೂ ಮೈ ಹಿಡಿಯಾಗುತ್ತದೆ. ಗಂಟು ಯಾರದಾದರೇನು, 9:30ರಿಂದ 11:20ರವರೆಗಿನ ಸಮಯ ನನ್ನದೇ ಅಲ್ವಾ?

ರಕ್ತ 2:30ಕ್ಕೆ ಬಂತು, ಎರಡು ಬಾಟಲಿ. ಬೆಳಿಗ್ಗೆ ಹಿಮೋಗ್ಲೋಬಿನ್ 7.9. ಬರುವಾಗ 13 ಇತ್ತು. ಚೀಫ್ ಬೈಯುತ್ತಾರೆ ಅಂತ ಕಾದೆ, ಬೈಯಲಿಲ್ಲ. ಕೈ ತೊಳೆಯುತ್ತಾ ನನ್ನ ಕಡೆ ನೋಡದೆಯೇ, "ಪಾಯಸಕ್ಕೆ ಫೋನ್ ಮಾಡಿದವನು ರಕ್ತಕ್ಕೆ ಯಾಕಯ್ಯ ಮಾಡಲಿಲ್ಲ?" ಎಂದರು. ಆಮೇಲೆ, "10:45ಕ್ಕೆ ಟವರ್ ಇತ್ತು," ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಬೇರೆ ಕಡೆ ಇದ್ದೇನೆ, ಸರ್ಜರಿಯನ್ನೇ ಮಾಡುತ್ತೇನೆ. ಪೈಲ್ಸ್ ಆದ ರಾತ್ರಿ ಯಾರಾದರೂ ಕಕ್ಕಸಿಗೆ ಹೋಗಬೇಕು ಅಂದರೆ ಪ್ಯಾಡ್ ನೋಡುವುದಿಲ್ಲ, ಪಲ್ಸ್ ಹಿಡಿಯುತ್ತೇನೆ, ಆಮೇಲೆ ಬೆರಳು ಹಾಕಿ ನೋಡುತ್ತೇನೆ. ಜೂನಿಯರ್‌ಗಳು ಮಧ್ಯರಾತ್ರಿ ಸುಮ್ನೆ ಫೋನ್ ಮಾಡಿದರೆ ಸಿಟ್ಟು ಬರುತ್ತದೆ. ಬಂದರೂ ನಗುವುದಿಲ್ಲ.

ರೈಟರ್ 6ನೇ ದಿನ ಮನೆಗೆ ಹೋದರು. ತಿಂಗಳು ಬಿಟ್ಟು ಇನ್ಶೂರೆನ್ಸ್‌ನವರಿಂದ ಕ್ವೆರಿ ಬಂತು. ಪೈಲ್ಸ್ ಪೇಷಂಟ್‌ಗೆ ಎರಡು ಫೋಲೀಸ್ ಕ್ಯಾಥೆಟರ್ ಯಾಕೆ ಅಂತ. ಎರಡನೆಯದು ಯೂರಿನ್ ಔಟ್‌ಪುಟ್ ನೋಡಲು ಓಟಿಯಲ್ಲಿ ಹಾಕಿದ್ದು. ಮ್ಯಾನೇಜರ್ ಆ ಕಾಗದ ಹಿಡಿದು ನನ್ನ ಹತ್ತಿರ ಬಂದರು. "ಒಂದು ಮುಂದೆ, ಒಂದು ಹಿಂದೆ," ಅಂತ ಬರೆದುಕೊಟ್ಟೆ. ಚೀಫ್ ಅದನ್ನು ಹರಿದು ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆಸಿದರು. ಆದರೂ ಒಂದರ ದುಡ್ಡು ಪಾಸ್ ಆಗಲಿಲ್ಲ. ವಾರ್ಡ್ ಖರ್ಚಿಗೆ ಹಾಕಿ ಅಂದರು ಮ್ಯಾನೇಜರ್. ದೊಡ್ಡ ಸಿಸ್ಟರ್ ಸ್ಟಾಕ್ ಬುಕ್ ತೆಗೆದು, 'ಫೋಲೀಸ್, 1' ಅಂತ ಬರೆದರು. ಪಕ್ಕದ ಕಾಲಮ್ಮಿನಲ್ಲಿ ಬಳಕೆಗೆ ಕಾರಣ ಬರೆಯಬೇಕು. ಸ್ವಲ್ಪ ಯೋಚಿಸಿ, 'ರೈಟರ್' ಅಂತ ಬರೆದು ಬುಕ್ ಮುಚ್ಚಿದರು.