ಹದಿನೇಳನೇ ಹೋಲ್‌ನ ಆ ಪುಟ್ಟ ಬಂಕರ್

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಭಾನುವಾರ ಗಾಲ್ಫ್ ಆಡುವುದಿಲ್ಲ. ಅವತ್ತು ಅದು ಊರಿನವರ ಪಾರ್ಕು. ನಾಯಿ, ಮಕ್ಕಳು, ಮುದುಕರು ಎಲ್ಲರೂ ಆರಾಮಾಗಿ ಅಡ್ಡಾಡುತ್ತಾರೆ. ಕೆಲಸದ ಮೇಲೆ ಎಡಿನ್‌ಬರಾದಲ್ಲಿದ್ದಾಗ ನಾನು ಲೂಕರ್ಸ್‌ವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಹೋಗಿದ್ದು ಇದಕ್ಕಾಗಿಯೇ. ಬಂದವರೆಲ್ಲ ಸ್ವಿಲ್ಕನ್ ಸೇತುವೆ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಬೇಕಾಗಿದ್ದು ಹದಿನೇಳನೇ ಹೋಲ್, ಅಂದರೆ ರೋಡ್ ಹೋಲ್.

ಮೊದಲು ಗ್ರೀನ್ (ಕುಳಿ ಇರುವ ನುಣುಪಾದ ಹುಲ್ಲು) ಹತ್ತಿರ ಹೋಗಿ, ಅಲ್ಲಿಂದ ಹಿಂದಕ್ಕೆ ಟೀ (ಮೊದಲ ಹೊಡೆತದ ಜಾಗ) ಕಡೆ ನಡೆದೆ. ಒಳ್ಳೆಯ ಹೋಲ್ ಅರ್ಥವಾಗಬೇಕಾದರೆ ಹೀಗೇ ನಡೆಯಬೇಕು ಅಂತ ನನ್ನ ನಂಬಿಕೆ.

ಗ್ರೀನ್ ಓರೆಯಾಗಿ ಮಲಗಿದೆ. ಉದ್ದ ಜಾಸ್ತಿ, ಅಗಲ ಕಡಿಮೆ. ಮುಂದೆ ಎಡಗಡೆ ರೋಡ್ ಬಂಕರ್ ಅನ್ನುವ ಮರಳಿನ ಗುಂಡಿ. ಹಿಂದೆ ರಸ್ತೆ, ಅದರಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಬಿದ್ದರೆ ವಿನಾಯಿತಿ ಇಲ್ಲ, ಬಿದ್ದಲ್ಲಿಂದಲೇ ಹೊಡೆಯಬೇಕು. ಬಂಕರ್ ನೋಡಲು ಪುಟ್ಟದು. ಆದರೆ ಸುತ್ತಲಿನ ನೆಲವೆಲ್ಲ ಅದರ ಕಡೆಗೇ ಇಳಿಯುತ್ತದೆ. 1978ರ ಓಪನ್ ಗಾಲ್ಫ್ ಪಂದ್ಯಾವಳಿಯಲ್ಲಿ ಜಪಾನಿನ ಟಾಮಿ ನಕಜಿಮಾ ಎರಡೇ ಹೊಡೆತದಲ್ಲಿ ಗ್ರೀನ್ ಮುಟ್ಟಿದ್ದರು. ಅವರ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಉರುಳಿ ಬಂಕರ್‌ಗೆ ಇಳಿಯಿತು. ಹೊರಗೆ ಬರಲು ನಾಲ್ಕು ಹೊಡೆತ ಬೇಕಾಯಿತು, ಹೋಲ್ ಮುಗಿದಾಗ ಲೆಕ್ಕ 9. ಅಂಚಿನಲ್ಲಿ ನಿಂತು ಆ ಇಳಿಜಾರು ನೋಡಿದರೆ ಆ ಪಟ್ ಉರುಳಿದ ದಾರಿ ಕಣ್ಣಿಗೆ ಕಟ್ಟುತ್ತದೆ.

ಟೀಯಿಂದ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ, ಅಂದರೆ ಫೇರ್‌ವೇಯ ಎಡಕ್ಕೆ ಬಂದು ನಿಂತೆ. ಟೀಯಿಂದ ಅಪಾಯ ತಗೊಳ್ಳದೆ ಹೊಡೆದವರ ಚೆಂಡು ಬರುವ ಜಾಗ ಇದು. ಇಲ್ಲಿಂದ ಬಂಕರ್ ನೇರ ಅಡ್ಡ. ಅದನ್ನು ದಾಟಿಸಿದರೆ ಚೆಂಡು ನಿಲ್ಲಲು ಸ್ವಲ್ಪವೇ ಜಾಗ, ಆಮೇಲೆ ರಸ್ತೆ. ಬಲಕ್ಕೆ, ಪಕ್ಕದ ಓಲ್ಡ್ ಕೋರ್ಸ್ ಹೋಟೆಲ್‌ನ ಗೋಡೆಯ ಹತ್ತಿರ ಬಂದರೆ ಅದೇ ಗ್ರೀನ್ ಉದ್ದಕ್ಕೆ ತೆರೆದುಕೊಳ್ಳುತ್ತದೆ. ಚೆಂಡನ್ನು ನೆಲದ ಮೇಲೆಯೇ ಉರುಳಿಸಿಕೊಂಡು ಹೋಗಬಹುದು. ಆದರೆ ಈ ಜಾಗಕ್ಕೆ ಬರಬೇಕಾದರೆ ಟೀಯಿಂದ ಹಳೇ ರೈಲ್ವೆ ಶೆಡ್‌ಗಳ ರೂಪದಲ್ಲಿ ಕಟ್ಟಿದ ಹಸಿರು ಶೆಡ್ ಮೇಲಿಂದ ಹೊಡೆಯಬೇಕು. ಶೆಡ್ ಗೋಡೆ ಮೇಲೆ ಬರೆದ ಹೋಟೆಲ್ ಹೆಸರಿನ ಯಾವ ಅಕ್ಷರದ ಮೇಲೆ ಚೆಂಡು ಹೋಗಬೇಕು ಅಂತ ಆಟಗಾರರು ಗುರಿ ಇಡುತ್ತಾರೆ. ಜಾಸ್ತಿ ಬಲಕ್ಕೆ ಹೋದರೆ ಔಟ್ ಆಫ್ ಬೌಂಡ್ಸ್, ಅಂದರೆ ಆಟದ ಗಡಿಯ ಹೊರಗೆ. ನಾನೂರು ಗಜಕ್ಕೂ ಹೆಚ್ಚು ದೂರದ ಬಂಕರ್ ಟೀ ಮೇಲೆ ನಿಂತವನ ಕೈಯನ್ನೂ ಆಳುತ್ತದೆ ಅಲ್ವಾ! 2010ರ ಓಪನ್‌ಗೆ ಟೀಯನ್ನು ಹಿಂದಕ್ಕೆ ಸರಿಸಿ 495 ಗಜ ಮಾಡಿದರು. ಉದ್ದ ಹೆಚ್ಚಿತು, ಪ್ರಶ್ನೆ ಮಾತ್ರ ಅದೇ.

ಉತ್ತರ ಒಂದೇ ಅಲ್ಲ ಅನ್ನುವುದೇ ನನಗೆ ಇಷ್ಟ. 1984ರ ಓಪನ್‌ನ ಕೊನೇ ದಿನ ಟಾಮ್ ವಾಟ್ಸನ್ ಬಲಗಡೆಯ ಒಳ್ಳೇ ಜಾಗದಿಂದ 2 ಐರನ್ ಅನ್ನುವ ಕೋಲಿನಿಂದ ಹೊಡೆದರು. ಚೆಂಡು ರಸ್ತೆ ದಾಟಿ ಗೋಡೆ ಬುಡಕ್ಕೆ ಹೋಯಿತು. ಸ್ವಲ್ಪ ಮುಂಚೆ ಸೆವೆ ಬಾಲೆಸ್ಟೆರೋಸ್ ಎಡಗಡೆಯ ಹುಲ್ಲಿನಿಂದ 6 ಐರನ್‌ನಲ್ಲಿ ಗ್ರೀನ್ ಮುಟ್ಟಿ ಪಾರ್ (ಈ ಹೋಲ್‌ಗೆ ನಿಗದಿಯಾದ ನಾಲ್ಕು ಹೊಡೆತ) ಮಾಡಿದ್ದರು. ಓಪನ್ ಸೆವೆಯದಾಯಿತು.

ನನಗೆ ಅವಕಾಶ ಸಿಕ್ಕರೆ ಇಬ್ಬರ ದಾರಿಯನ್ನೂ ಹಿಡಿಯುವುದಿಲ್ಲ. ಎರಡನೇ ಹೊಡೆತವನ್ನು ಬೇಕೆಂದೇ ಗ್ರೀನ್ ಮುಂದೆ, ಬಲಕ್ಕೆ ನಿಲ್ಲಿಸುತ್ತೇನೆ. ಅಲ್ಲಿಂದ ಪಟರ್ ಹಿಡಿದು ಏರಿನ ಮೇಲೆ ಉರುಳಿಸುತ್ತೇನೆ. ಐದಕ್ಕೆ ಮುಗಿಸಿ ಹದಿನೆಂಟನೇ ಟೀಗೆ ಖುಷಿಯಾಗಿ ನಡೆಯುತ್ತೇನೆ.