‘ಇದ್ರಲ್ಲಿ ಅದು ಇಲ್ಲ ಅಲ್ವಾ?’

ಡಿಸೆಂಬರ್ ಬಂತೆಂದರೆ ಶಿರಸಿಯ ನಮ್ಮ ಮನೆಗೆ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಮೊಟ್ಟೆ ಅನ್ನುವ ಶಬ್ದ ಬಾಯಿಂದ ಹೊರಡುವುದಿಲ್ಲ. ದನಿ ಇಳಿಸಿ ‘ಅದು’ ಅನ್ನುತ್ತಾರೆ. ಕ್ರಿಸ್‌ಮಸ್ ಬಿಸ್ಕತ್ತು ಮಾಡಲು ಶುರು ಮಾಡಿ ಆರು ವರ್ಷ. ಹೇಳಿ ಹೇಳಿ ಬಾಯಿ ಸೋತಿದೆ.

ಇಲ್ಲ. ಬಿಸ್ಕತ್ತಿನ ಹಿಟ್ಟಿಗೆ ಜೋನಿ ಬೆಲ್ಲ (ಅಚ್ಚಿಗೆ ಹಾಕದ ದ್ರವ ಬೆಲ್ಲ), ಬೆಣ್ಣೆಯೇ ಸಾಕು. ಮೇಲಿನ ಬಿಳಿ ಚಿತ್ತಾರದ ಕತೆ ಬೇರೆ. ರಾಯಲ್ ಐಸಿಂಗಿಗೆ ಮೊಟ್ಟೆಯ ಬಿಳಿಭಾಗ ಹಾಕುತ್ತಾರೆ, ಒಣಗಿದರೆ ಗಟ್ಟಿ ಕೂರುತ್ತದೆ. ನಾನು ಸಕ್ಕರೆ ಪುಡಿಗೆ ಹಾಲು, ನಾಲ್ಕು ಹನಿ ಲಿಂಬೆರಸ ಬೆರೆಸುತ್ತೇನೆ. ಒಂದು ರಾತ್ರಿ ಬಿಟ್ಟರೂ ಅಷ್ಟು ಗಟ್ಟಿಯಾಗುವುದಿಲ್ಲ. ನಕ್ಷತ್ರದ ಮೂಲೆ ಸ್ವಲ್ಪ ಹರಡುತ್ತದೆ. ನಕ್ಷತ್ರ ಹಲಸಿನೆಲೆ ಥರ ಇದೆ ಅಂತ ನಗುವವರೂ ನೀವೇ ಅಲ್ವಾ?

ಹೋದ ವರ್ಷ ದೂರದ ಸಂಬಂಧದ ಅತ್ತೆಯೊಬ್ಬರು ಬಂದಿದ್ದರು. ಮಾತಾಡುತ್ತಲೇ ನಾಲ್ಕು ಮುಗಿಸಿದರು. ಐದನೆಯದು ಕೈಯಲ್ಲಿದ್ದಾಗ ನೆನಪಾಯಿತು. "ತಂಗೀ, ಇದ್ರಲ್ಲಿ ಅದು..."

"ಇಲ್ಲ ಅತ್ತೆ."

ನಂಬಲಿಲ್ಲ. ನೀರು ಕುಡಿಯುವ ನೆಪದಲ್ಲಿ ಒಳಗೆ ಬಂದು ಫ್ರಿಜ್ ತೆಗೆದು ನೋಡಿದರು. ಇದ್ದ ಮೊಟ್ಟೆ ಹಿಂದಿನ ದಿನವಷ್ಟೇ ಮಗನ ಆಮ್ಲೆಟ್ ಆಗಿತ್ತು, ಬಚಾವಾದೆ. ಐದನೆಯದನ್ನೂ ತಿಂದರು. ಮೊಮ್ಮಕ್ಕಳ ಹೆಸರಲ್ಲಿ ಇನ್ನೊಂದಿಷ್ಟು ಕಟ್ಟಿಸಿಕೊಂಡರು.

ಏನಿಲ್ಲ ಅಂತ ಕೇಳುವವರು ಇಷ್ಟು ಜನ. ಏನಿದೆ ಅಂತ ಒಬ್ಬರಾದರೂ ಕೇಳಬಾರದೇ?

ಕಾಲು ಕೆಜಿ ಮೈದಾಕ್ಕೆ 100 ಗ್ರಾಂ ಬೆಣ್ಣೆ, 120 ಗ್ರಾಂ ಜೋನಿ ಬೆಲ್ಲ, ಅರ್ಧ ಚಮಚ ಸೋಡಾ. ಬೆಲ್ಲ ನೀರಾಗಿದ್ದರೆ ಕುದಿಸಿ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಬಿಸ್ಕತ್ತಿನ ಆಕಾರ ಕೆಡುತ್ತದೆ. ಒಣಶುಂಠಿ, ದಾಲ್ಚಿನ್ನಿ, ಲವಂಗ, ಚೂರು ಜಾಯಿಕಾಯಿ. ಹಿಟ್ಟು ಒಂದು ಗಂಟೆ ಫ್ರಿಜ್‌ನಲ್ಲಿರಬೇಕು. ಆಮೇಲೆ 180 ಡಿಗ್ರಿಯಲ್ಲಿ ಹತ್ತು ನಿಮಿಷ. ಬೆಲ್ಲ ಬೇಗ ಸೀಯುತ್ತದೆ, ಓವನ್ ಬಿಟ್ಟು ಆಚೆ ಹೋಗುವಂತಿಲ್ಲ.

ಮತ್ತೆ ಕಾಳುಮೆಣಸು, ಹತ್ತು ಕಾಳು. ಅದು ಯಾಕೆ ಅಂತ ಕೇಳಿ ನೋಡೋಣ! ಸ್ವೀಡನ್ನಿನಲ್ಲಿ ಇಂಥ ಬಿಸ್ಕತ್ತಿನ ಹೆಸರೇ ‘ಪೆಪ್ಪರ್‌ಕಾಕರ್’, ಮೆಣಸಿನ ಕೇಕು. ಈಗ ಅಲ್ಲಿ ಹೆಚ್ಚಾಗಿ ಹಾಕುವುದು ಶುಂಠಿ, ದಾಲ್ಚಿನ್ನಿ, ಲವಂಗ. ಮೆಣಸು ಹೆಸರಲ್ಲಿ ಉಳಿದಿದೆ. ನಾವು ಬಿಡುವುದು ಹೇಗೆ? ಘಟ್ಟ ಇಳಿದರೆ ಗೇರುಸೊಪ್ಪೆ. ಅಲ್ಲಿನ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದರು. ನಮ್ಮ ತೋಟದಲ್ಲೂ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆ.

ಮೊನ್ನೆ ಅತ್ತೆಯ ಫೋನ್ ಬಂತು. "ತಂಗೀ, ಈ ಸಲ ಎರಡು ಡಬ್ಬ ಬೇಕು. ಅದು ಮಾತ್ರ ಹಾಕಬೇಡ."

"ಯಾವುದು ಅತ್ತೆ?" ಅಂದೆ.

ಆ ಕಡೆ ಸದ್ದೇ ಇಲ್ಲ.