ಬಾಂಡ್ ಈಗ ಅಮೆಜಾನ್ ಕೈಯಲ್ಲಿ: "ಬ್ಯಾಡ" ಅನ್ನುವವರು ಯಾರು?

ಕಲಬುರಗಿಯಲ್ಲಿ ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡ್ ಸಿನಿಮಾಗಳ ಮಾತು ಎತ್ತಿದರೆ ಸಾಕು, ಮೊದಲ ಪ್ರಶ್ನೆ "ಹೊಸ ಬಾಂಡ್ ಯಾರಂತ್ರೀ?" ಎರಡನೆಯದು "ಅಮೆಜಾನ್‌ದವರು ಇದನ್ನೂ ಸಿರೀಸ್ ಮಾಡಿ ಕೆಡಿಸ್ತಾರೇನು?" ಎರಡೂ ಕೇಳಬೇಕಾದವೇ. ಆದರೆ ಎರಡರ ಉತ್ತರವೂ ಮೂರನೆಯ ಪ್ರಶ್ನೆಯೊಂದನ್ನು ಅವಲಂಬಿಸಿದೆ, ಅದನ್ನು ಅಷ್ಟಾಗಿ ಯಾರೂ ಕೇಳುತ್ತಿಲ್ಲ: ಇನ್ನು ಮುಂದೆ ಬಾಂಡ್ ವಿಷಯದಲ್ಲಿ "ಬ್ಯಾಡ" ಅನ್ನುವ ಅಧಿಕಾರ ಯಾರದು?

ಮೊದಲು ಯಜಮಾನಿಕೆಯ ಲೆಕ್ಕ. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಅರ್ಧ ಮಾತು ತಪ್ಪುವುದೇ ಇಲ್ಲಿ. 1961ರಲ್ಲಿ ಆಲ್ಬರ್ಟ್ ಬ್ರೊಕೊಲಿ ಮತ್ತು ಹ್ಯಾರಿ ಸಾಲ್ಟ್ಜ್‌ಮನ್ ಸೇರಿ ಈಯಾನ್ ಪ್ರೊಡಕ್ಷನ್ಸ್ ಕಟ್ಟಿದರು. ಚಿತ್ರ ತೆಗೆಯುವುದು ಈಯಾನ್ ಕೆಲಸ, ಹಕ್ಕುಗಳು ಇರುವುದು ಡಾಂಜಾಕ್ ಎಂಬ ಇನ್ನೊಂದು ಕಂಪನಿಯಲ್ಲಿ. 1975ರಲ್ಲಿ ಸಾಲ್ಟ್ಜ್‌ಮನ್ ಸಾಲಕ್ಕೆ ಸಿಕ್ಕಿ ತನ್ನ ಅರ್ಧ ಪಾಲನ್ನು ಯುನೈಟೆಡ್ ಆರ್ಟಿಸ್ಟ್ಸ್ ಸ್ಟುಡಿಯೊಗೆ ಮಾರಿದರು. 1981ರಲ್ಲಿ ಹಾಲಿವುಡ್‌ನ ಇನ್ನೊಂದು ಸ್ಟುಡಿಯೊ ಎಂಜಿಎಂ, ಯುನೈಟೆಡ್ ಆರ್ಟಿಸ್ಟ್ಸ್ ಅನ್ನು ಕೊಂಡಿತು. ಅಮೆಜಾನ್ 2021ರ ಮೇ ತಿಂಗಳಲ್ಲಿ ಎಂಜಿಎಂಗೆ 845 ಕೋಟಿ ಡಾಲರ್ ಬೆಲೆ ಕಟ್ಟಿತು, 2022ರ ಮಾರ್ಚ್‌ನಲ್ಲಿ ವ್ಯವಹಾರ ಮುಗಿಯಿತು. ಅಂದರೆ ಬಾಂಡ್‌ನಲ್ಲಿ ಅಮೆಜಾನ್‌ಗೆ ಪಾಲು ಸಿಕ್ಕಿದ್ದು 2022ರಲ್ಲೇ. ಆದರೆ ಕಥೆ, ನಟ, ನಿರ್ದೇಶಕ ಎಲ್ಲದರಲ್ಲೂ ಕೊನೆಯ ಮಾತು ಆಲ್ಬರ್ಟ್ ಅವರ ಮಗಳು ಬಾರ್ಬರಾ ಬ್ರೊಕೊಲಿ ಮತ್ತು ಮಲಮಗ ಮೈಕೆಲ್ ಜಿ. ವಿಲ್ಸನ್ ಅವರದೇ ಆಗಿತ್ತು. 2025ರ ಫೆಬ್ರವರಿ 20ರಂದು ಪ್ರಕಟವಾದ ಒಪ್ಪಂದದಲ್ಲಿ ಆ ಕೊನೆಯ ಮಾತು ಅಮೆಜಾನ್ ಎಂಜಿಎಂ ಕೈಗೆ ಹೋಯಿತು. ಬಾರ್ಬರಾ, ವಿಲ್ಸನ್ ಇಬ್ಬರೂ ಇಂದಿಗೂ ಸಹ-ಮಾಲೀಕರೇ. "ಬಾಂಡನ್ನ ಮಾರಿಬಿಟ್ರು" ಅನ್ನುವುದಕ್ಕಿಂತ "ಚುಕ್ಕಾಣಿ ಬಿಟ್ಟುಕೊಟ್ರು" ಅನ್ನುವುದು ಖರೆ.

ಆ ಕುಟುಂಬವನ್ನು ದೇವರ ಪಟ್ಟಕ್ಕೆ ಏರಿಸುವವರೂ ನಮ್ಮಲ್ಲಿ ಇದ್ದಾರೆ. ಕುಟುಂಬದವರು ಸ್ಪಿನ್-ಆಫ್ (ಮೂಲ ಸರಣಿಯ ಪಾತ್ರವನ್ನೋ ಹೆಸರನ್ನೋ ಹಿಡಿದು ಮಾಡುವ ಬೇರೆ ಚಿತ್ರ, ಷೋ) ಹತ್ತಿರಕ್ಕೂ ಬಿಟ್ಟುಕೊಂಡಿರಲಿಲ್ಲ ಎಂಬ ಮಾತು ಸುಳ್ಳು. 2002ರ "ಡೈ ಅನದರ್ ಡೇ"ಯಲ್ಲಿ ಹ್ಯಾಲಿ ಬೆರ್ರಿ ಮಾಡಿದ ಜಿಂಕ್ಸ್ ಪಾತ್ರಕ್ಕೆ ಪ್ರತ್ಯೇಕ ಚಿತ್ರ ಮಾಡಬೇಕೆಂದು ಹೊರಟವರು ಬಾರ್ಬರಾ ಮತ್ತು ವಿಲ್ಸನ್. ಖರ್ಚಿಗೆ ಹೆದರಿ ಕೈಬಿಟ್ಟದ್ದು ಎಂಜಿಎಂ. 1991ರಲ್ಲಿ ಬಾಂಡ್‌ನ ಸಂಬಂಧಿಕ ಹುಡುಗನ ಕಾರ್ಟೂನ್ ಸರಣಿಯೂ ಬಂದಿತ್ತು. ಅಮೆಜಾನ್ ಪ್ರೈಮ್‌ನಲ್ಲಿ 2023ರಲ್ಲಿ ಬಂದ ರಿಯಾಲಿಟಿ ಷೋಗೂ ಕುಟುಂಬ ಒಪ್ಪಿತ್ತು. ಅವರು ನಿಜವಾಗಿ ಕಾಪಾಡಿದ್ದು ಬೇರೆ ಎರಡು ಸಂಗತಿ: ದೊಡ್ಡ ಚಿತ್ರ ಮೊದಲು ಥಿಯೇಟರ್‌ಗೇ ಬರಬೇಕು, ಮತ್ತು ಕಥೆ ಕೈಗೆ ಸಿಗುವವರೆಗೆ ಕ್ಯಾಮೆರಾ ಓಡಬಾರದು. ಎರಡನೆಯದನ್ನು ಅವರೇ ಒಮ್ಮೆ ಮುರಿದರು. 2008ರ "ಕ್ವಾಂಟಮ್ ಆಫ್ ಸೊಲೇಸ್" ಹೊತ್ತಿಗೆ ಹಾಲಿವುಡ್ ಬರಹಗಾರರ ಮುಷ್ಕರ ನಡೆದಿತ್ತು, ಚಿತ್ರಕಥೆ ಅರೆಬರೆ ಇರುವಾಗಲೇ ಚಿತ್ರೀಕರಣ ಶುರುವಾಯಿತು. ಆ ಚಿತ್ರದ ಎರಡನೇ ಅರ್ಧ ಇವತ್ತು ಹಾಕಿ ನೋಡಿ, ಒಂದು ದೃಶ್ಯಕ್ಕೂ ಮುಂದಿನದಕ್ಕೂ ಕೊಂಡಿ ಎಲ್ಲಿ ಸಡಿಲಾಗಿದೆ ಎಂದು ಕಣ್ಣಿಗೇ ಕಾಣುತ್ತದೆ.

"ಕುಟುಂಬದವರು ನಿಧಾನ ಮಾಡಿದ್ರು, ಅಮೆಜಾನ್ ಬಂದದ್ದು ಛಲೋ ಆತು" ಅನ್ನುವ ಹುಡುಗರಿಗೆ ಹಳೆಯ ಎರಡು ಬಿಡುವುಗಳ ಕಾರಣ ತಿಳಿದಿರಬೇಕು. 1989ರಿಂದ 1995ರವರೆಗೆ ಆರು ವರ್ಷ ಬಾಂಡ್ ಇರಲಿಲ್ಲ. ಆಗ ಸ್ಟುಡಿಯೊ ಕೈ ಬದಲಾಗಿ, ಹಳೆಯ ಬಾಂಡ್ ಚಿತ್ರಗಳ ಟಿವಿ ಹಕ್ಕನ್ನು ಹೊಸ ಮಾಲೀಕರು ಮಾರಲು ಹೊರಟ ರೀತಿಯ ವಿರುದ್ಧ ಡಾಂಜಾಕ್ ಕೋರ್ಟಿಗೆ ಹೋಗಿತ್ತು. 2008ರಿಂದ 2012ರ ನಡುವೆ ನಾಲ್ಕು ವರ್ಷ. 2010ರ ಏಪ್ರಿಲ್‌ನಲ್ಲಿ ಚಿತ್ರದ ತಯಾರಿ ನಿಂತಿತು, ನವೆಂಬರ್‌ನಲ್ಲಿ ಎಂಜಿಎಂ ದಿವಾಳಿ ಅರ್ಜಿ ಹಾಕಿತು. ಎರಡೂ ಸಲ ತಡವಾದದ್ದು ಸ್ಟುಡಿಯೊದ ಹಣದ ವ್ಯವಹಾರದಿಂದ. 2021ರಿಂದ ಈಚಿನ ಬಿಡುವಿಗೂ ಕುಟುಂಬ ಮತ್ತು ಅಮೆಜಾನ್ ನಡುವಿನ ಹಗ್ಗಜಗ್ಗಾಟವೇ ಒಂದು ಕಾರಣವೆಂದು 2024ರ ಕೊನೆಗೆ ಅಮೆರಿಕದ ಪತ್ರಿಕೆಗಳು ಬರೆದವು. ಬಾಂಡ್‌ನ ಚರಿತ್ರೆಯಲ್ಲಿ ಮಾಲೀಕತ್ವ ಅಲುಗಾಡಿ ಚಿತ್ರ ನಿಂತದ್ದು ಒಂದೆರಡು ಸಲವಲ್ಲ. ಹಾಗಾಗಿ ಒಂದೇ ಕಡೆ ನಿರ್ಧಾರ ಆಗುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ.

ಕೆಡುವುದು ಹೇಗೆ ಎಂದು ನೋಡಬೇಕಾದರೆ ಸ್ಟಾರ್ ವಾರ್ಸ್ ಇದೆ. ಡಿಸ್ನಿ 2012ರಲ್ಲಿ ಸುಮಾರು 405 ಕೋಟಿ ಡಾಲರ್ ಕೊಟ್ಟು ಅದರ ಕಂಪನಿ ಲೂಕಾಸ್‌ಫಿಲ್ಮ್ ಕೊಂಡಿತು. 2015ರಿಂದ 2019ರೊಳಗೆ ಐದು ಚಿತ್ರ. 2017ರ ಡಿಸೆಂಬರ್‌ನಲ್ಲಿ ಒಂದು, ಬರೀ ಐದು ತಿಂಗಳಿಗೆ, 2018ರ ಮೇನಲ್ಲಿ "ಸೋಲೊ". ಆ ಚಿತ್ರದ ನಿರ್ದೇಶಕರನ್ನು ಚಿತ್ರೀಕರಣದ ನಡುವೆ ತೆಗೆದುಹಾಕಿ, ರಾನ್ ಹೊವರ್ಡ್ ಅವರನ್ನು ತಂದು ಬಹುಪಾಲು ಮತ್ತೆ ತೆಗೆಸಿದರು. ಹಣ ಬರಲಿಲ್ಲ. ಅವಸರ ಹೆಚ್ಚಾಯಿತೆಂದು ಡಿಸ್ನಿ ಮುಖ್ಯಸ್ಥರೇ ಅದೇ ವರ್ಷ ಒಪ್ಪಿಕೊಂಡರು. 2019ರ ನಂತರ ಆರು ವರ್ಷಕ್ಕೂ ಹೆಚ್ಚು ಕಾಲ ಥಿಯೇಟರ್‌ಗೆ ಸ್ಟಾರ್ ವಾರ್ಸ್ ಬರಲೇ ಇಲ್ಲ, ಸರಣಿಗಳ ಮೇಲೆ ಸರಣಿ ಬಂದವು. ಹೊಸ ಮಾಲೀಕ ಕೊಟ್ಟ ದುಡ್ಡನ್ನು ಬೇಗ ವಾಪಸ್ ತೆಗೆಯಲು ಹೊರಟಾಗ ಮೊದಲು ಬಲಿಯಾಗುವುದು ಎರಡು ಚಿತ್ರಗಳ ನಡುವಿನ ಸಮಯ. ಬಾಂಡ್‌ಗೆ ಹೊಂದುವ ಅಂತರ ಎರಡರಿಂದ ಮೂರು ವರ್ಷ. 1977ರಿಂದ 1989ರವರೆಗೆ ಎರಡು ವರ್ಷಕ್ಕೊಂದರಂತೆ ಏಳು ಚಿತ್ರ ತಪ್ಪದೆ ಬಂದವು. ಅದಕ್ಕಿಂತ ಬೇಗ ಬೇಡ. ಹೊಸ ನಟನ ಎರಡನೇ ಚಿತ್ರ ಬರುವವರೆಗೆ ಬಾಂಡ್‌ನ ಸುತ್ತಲಿನ ಪಾತ್ರಗಳಾದ ಮನಿಪೆನ್ನಿ, ಕ್ಯೂ, ಎಂ ಯಾರ ಹೆಸರಿನಲ್ಲೂ ಸರಣಿ ಬೇಡ. ಅಮೆಜಾನ್ ಮೇಲೆ ಅಭಿಮಾನಿಗಳು ಒತ್ತಡ ಹಾಕುವುದಾದರೆ ಈ ಒಂದು ಮಾತಿಗೆ ಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿಯವರೆಗೆ ಮಾಡಿದ ಆಯ್ಕೆಗಳು ಭರವಸೆ ಹುಟ್ಟಿಸುತ್ತವೆ. 2025ರ ಮಾರ್ಚ್‌ನಲ್ಲಿ ನಿರ್ಮಾಪಕರಾಗಿ ಏಮಿ ಪ್ಯಾಸ್ಕಲ್ ಮತ್ತು ಡೇವಿಡ್ ಹೇಮನ್ ಬಂದರು. "ಕ್ಯಾಸಿನೊ ರಾಯಲ್", "ಸ್ಕೈಫಾಲ್" ಚಿತ್ರಗಳನ್ನು ಸೋನಿ ಬಿಡುಗಡೆ ಮಾಡಿದಾಗ ಅಲ್ಲಿನ ಚಿತ್ರ ವಿಭಾಗದ ಚುಕ್ಕಾಣಿ ಹಿಡಿದಿದ್ದವರಲ್ಲಿ ಪ್ಯಾಸ್ಕಲ್ ಒಬ್ಬರು. ಹೇಮನ್ ಹ್ಯಾರಿ ಪಾಟರ್‌ನ ಎಂಟೂ ಚಿತ್ರಗಳ ನಿರ್ಮಾಪಕ. ಜೂನ್‌ನಲ್ಲಿ ನಿರ್ದೇಶಕರಾಗಿ, ಮರಳುಗಾಡಿನ "ಡ್ಯೂನ್" ಚಿತ್ರಗಳನ್ನು ತೆಗೆದ ಡೆನಿ ವಿಲ್ನವ್, ಬೇಸಿಗೆ ಮುಗಿಯುವುದರೊಳಗೆ ಬರಹಕ್ಕೆ ಸ್ಟೀವನ್ ನೈಟ್. "ವಿಲ್ನವ್ ಅಂದ್ರ ಬರೀ ನಿಧಾನ, ಬರೀ ಧೂಳು" ಎಂದು ಮೂಗು ಮುರಿಯುವವರು 2015ರ "ಸಿಕಾರಿಯೊ"ದ ಗಡಿ ದಾಟುವ ದೃಶ್ಯ ನೋಡಲಿ. ವಾಹನಗಳ ಸಾಲು ಅಲುಗಾಡದೆ ನಿಂತಿದೆ, ಆದರೂ ಉಸಿರು ಬಿಗಿಯುತ್ತದೆ. ನನಗಿರುವ ಆತಂಕ ಹಾಸ್ಯದ ಬಗ್ಗೆ. ವಿಲ್ನವ್ ಚಿತ್ರಗಳಲ್ಲಿ ನಗು ಬಹಳ ಕಡಿಮೆ. ಬಾಂಡ್‌ಗೆ ಒಂದು ಒಣ ಮಾತು, ಒಂದು ಹುಬ್ಬೇರಿಕೆ ಬೇಕೇ ಬೇಕು.

ಇನ್ನೊಂದು ಕಡೆ ರಾಜಿ ಆಗಬಾರದು: ಸಾಹಸ ನಿಜವಾಗಿ ನಡೆಯಬೇಕು. 2006ರ "ಕ್ಯಾಸಿನೊ ರಾಯಲ್"ನಲ್ಲಿ ರಸ್ತೆ ಮೇಲೆ ಕಟ್ಟಿ ಹಾಕಿದ ನಾಯಕಿ ವೆಸ್ಪರ್‌ಳನ್ನು ತಪ್ಪಿಸಲು ಹೋಗಿ ಬಾಂಡ್‌ನ ಆಸ್ಟನ್ ಮಾರ್ಟಿನ್ ಡಿಬಿಎಸ್ ಪಲ್ಟಿ ಹೊಡೆಯುತ್ತದಲ್ಲ, ಅದನ್ನು ತೆಗೆದದ್ದು ಹೀಗೆ. ಆ ಕಾರಿನ ಭಾರವೆಲ್ಲ ಕೆಳಗೇ ಇರುವುದರಿಂದ ಸುಲಭಕ್ಕೆ ಮಗುಚುವುದಿಲ್ಲ. ರಸ್ತೆ ಮೇಲೆ 18 ಇಂಚಿನ ರಾಂಪ್ ಕೂರಿಸಿದರು, ಅದೊಂದೇ ಸಾಲದು. ಚಾಲಕನ ಸೀಟಿನ ಹಿಂದೆ ಗಾಳಿಯ ಒತ್ತಡದಿಂದ ಸಿಡಿಯುವ ಕೊಳವೆ ಅಳವಡಿಸಿದರು. ಸ್ಟಂಟ್ ಚಾಲಕ ಆ್ಯಡಮ್ ಕರ್ಲಿ ಗಂಟೆಗೆ 110 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಬಂದು, ಚಕ್ರ ರಾಂಪ್ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಅದನ್ನು ಸಿಡಿಸಬೇಕು. ಕಾರು ಏಳು ಪಲ್ಟಿ ಹೊಡೆಯಿತು, ಗಿನ್ನೆಸ್ ದಾಖಲೆ ಆಯಿತು. ಪರದೆಯ ಮೇಲೆ ಅದು ಕೆಲವೇ ಸೆಕೆಂಡು. ಆ ಸೆಕೆಂಡುಗಳಲ್ಲಿ ಲೋಹ ನೆಲಕ್ಕೆ ಬಡಿಯುವ ತೂಕ ಕಾಣುತ್ತದೆ, ಕಂಪ್ಯೂಟರಿನಲ್ಲಿ ಉರುಳಿಸಿದ ಕಾರಿಗೆ ಆ ತೂಕ ಬರುವುದಿಲ್ಲ.

2025ರ ಅಕ್ಟೋಬರ್‌ನಲ್ಲಿ, ಅಭಿಮಾನಿಗಳು 5ರಂದು ಆಚರಿಸುವ ಬಾಂಡ್ ದಿನದ ಹೊತ್ತಿಗೆ, ಪ್ರೈಮ್‌ನಲ್ಲಿ ಹಳೆಯ ಚಿತ್ರಗಳ ಪೋಸ್ಟರ್‌ಗಳಿಂದ ಪಿಸ್ತೂಲು ಅಳಿಸಿದ್ದು ಚಿಕ್ಕ ವಿಷಯ ಅನ್ನಿಸಬಹುದು. ಅಭಿಮಾನಿಗಳು ಸಿಟ್ಟಾದ ಮೇಲೆ ಆ ಪೋಸ್ಟರ್‌ಗಳನ್ನು ಬದಲಿಸಿದರು. ನಾನು ಮೇಲೆ ಕೇಳಿದ ಪ್ರಶ್ನೆಗೆ ಇದೇ ಮೊದಲ ಪರೀಕ್ಷೆ. ಹಳೆಯ ವ್ಯವಸ್ಥೆಯಲ್ಲಿ ಇಂಥದ್ದು ಹೊರಗೆ ಬರುವ ಮೊದಲು ಒಬ್ಬರ ಮೇಜಿನ ಮೇಲೆ ಹೋಗುತ್ತಿತ್ತು, ಅವರು ಬ್ಯಾಡ ಅನ್ನುತ್ತಿದ್ದರು. ಪ್ಯಾಸ್ಕಲ್, ಹೇಮನ್ ಅವರಿಗೆ ಚಿತ್ರದ ಮೇಲೆ ಹಿಡಿತ ಇರಬಹುದು. ಪೋಸ್ಟರ್, ಗೇಮ್, ಜಾಹೀರಾತು ಎಲ್ಲದರ ಮೇಲೆ ಕಣ್ಣಿಡುವ ಒಬ್ಬರು ಅಮೆಜಾನ್‌ನಲ್ಲಿ ಬೇಕು.

ನಮ್ಮಲ್ಲೇ ಇದಕ್ಕೊಂದು ಉದಾಹರಣೆ ಇದೆ. ರಾಜ್‌ಕುಮಾರ್ ಮಾಡಿದ ಗೂಢಚಾರ ಪ್ರಕಾಶ್, ಅಂದರೆ ಸಿಐಡಿ 999: 1968ರಲ್ಲಿ "ಜೇಡರ ಬಲೆ" ಮತ್ತು "ಗೋವಾದಲ್ಲಿ ಸಿಐಡಿ 999", 1969ರಲ್ಲಿ "ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999", 1978ರಲ್ಲಿ "ಆಪರೇಷನ್ ಡೈಮಂಡ್ ರ‍್ಯಾಕೆಟ್". ನಾಲ್ಕಕ್ಕೂ ದೊರೆ-ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಒಂಬತ್ತು ವರ್ಷ ಬಿಟ್ಟು ಬಂದರೂ ನಾಲ್ಕನೆಯದು ಬೇರೆ ಮನೆಯ ಚಿತ್ರ ಅನ್ನಿಸದಿರಲು ಕಾರಣ ಆ ಕೈಗಳೇ. ಬಣ್ಣ ಬಂತು, ಫ್ಯಾಷನ್ ಬದಲಾಯಿತು, ಪ್ರಕಾಶ್ ಪಾತ್ರದ ಗತ್ತು ಹಾಗೇ ಉಳಿಯಿತು.

ನಮ್ಮ ಭಾಗದ ಪ್ರೇಕ್ಷಕರಿಗೆ ಸಂಬಂಧಿಸಿದ ಒಂದು ಬೇಡಿಕೆಯೂ ಇದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇಂಗ್ಲಿಷ್ ಚಿತ್ರ ಬಂದರೆ ಹೆಚ್ಚಾಗಿ ಹಿಂದಿ ಡಬ್ ಸಿಗುತ್ತದೆ. ಮೂಲ ಇಂಗ್ಲಿಷ್ ಬೇಕು, ದೊಡ್ಡ ಪರದೆ ಬೇಕು ಅಂದವರು ಹೈದರಾಬಾದ್ ಗಾಡಿ ಹತ್ತುತ್ತಾರೆ. ಡಬ್ಬಿಂಗ್‌ನಲ್ಲಿ ಕೆಡುವ ಬಗೆ ಹೀಗಿದೆ: ಸ್ಟುಡಿಯೊದಿಂದ ಸಂಗೀತ ಮತ್ತು ಸದ್ದುಗಳ ಟ್ರ್ಯಾಕ್ ಪ್ರತ್ಯೇಕವಾಗಿ ಬರುತ್ತದೆ, ಮಾತು ಮಾತ್ರ ಇಲ್ಲಿ ಹೊಸದಾಗಿ ದಾಖಲಾಗುತ್ತದೆ. ಚಿಕ್ಕ ಕೋಣೆಯಲ್ಲಿ ಮೈಕ್‌ಗೆ ಬಾಯಿ ಹತ್ತಿರ ಇಟ್ಟು ಹೇಳಿದ ಮಾತಿಗೆ ದೃಶ್ಯದಲ್ಲಿರುವ ಜಾಗದ ಪ್ರತಿಧ್ವನಿ ಬೆರೆಸದಿದ್ದರೆ ಅದು ಚಿತ್ರದ ಮೇಲೆ ತೇಲುತ್ತದೆ. ಬಾಂಡ್ ಪಿಸುಗುಟ್ಟಿದ್ದೂ ಭಾಷಣದಂತೆ ಕೇಳುತ್ತದೆ. ಮಾತು ಹೆಚ್ಚಾಗಿ ಪರದೆ ಹಿಂದಿನ ಮಧ್ಯದ ಸ್ಪೀಕರಿನಿಂದ ಬರುವುದರಿಂದ, ಆ ಒಂದು ಸ್ಪೀಕರ್ ಸೊರಗಿದ್ದರೆ ಗುಂಡಿನ ಸದ್ದು ಮಾತ್ರ ಉಳಿಯುತ್ತದೆ. ಮನೆಯ ಟಿವಿಯಲ್ಲೂ ಇದೇ ಗೋಳು: ಆರು ಸ್ಪೀಕರಿಗೆ ಮಾಡಿದ 5.1 ಆಡಿಯೊ ಎರಡೇ ಸ್ಪೀಕರಿಗೆ ಹೋದಾಗ ಮಾತು ಕುಗ್ಗುತ್ತದೆ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಅನ್ನು ಪಿಸಿಎಂ ಅಥವಾ ಸ್ಟೀರಿಯೊಗೆ ಇಟ್ಟು ನೋಡಿ, ಬಹಳ ಸಲ ಸರಿಹೋಗುತ್ತದೆ. ಕನ್ನಡಕ್ಕೆ ಡಬ್ಬಿಂಗ್ ತಡೆಯುವುದು ತಪ್ಪೆಂದು ಭಾರತದ ಸ್ಪರ್ಧಾ ಆಯೋಗ (ಸಿಸಿಐ) 2015ರಲ್ಲೇ ಹೇಳಿದೆ. ಅಮೆಜಾನ್‌ಗೆ ಭಾರತದಲ್ಲಿ ದೊಡ್ಡ ಮಾರುಕಟ್ಟೆ ಇದೆ. ಹೊಸ ಬಾಂಡ್ ಕನ್ನಡದಲ್ಲೂ, ಒಳ್ಳೆಯ ಮಿಶ್ರಣದೊಂದಿಗೆ, ಮೊದಲ ದಿನವೇ ಥಿಯೇಟರ್‌ಗೆ ಬರಬೇಕು.

ನಟನ ಸುದ್ದಿಯ ಬಗ್ಗೆ ಒಂದೇ ಮಾತು. ಬ್ರಿಟನ್ನಿನ ಬೆಟ್ಟಿಂಗ್ ಕಂಪನಿಗಳ ದರ ಏರಿಳಿದರೆ ಅದೇ ಅಲ್ಲಿನ ಪತ್ರಿಕೆಗೆ ಸುದ್ದಿ, ಅದನ್ನೇ ನಮ್ಮ ಚಾನೆಲ್‌ಗಳು ಅನುವಾದಿಸುತ್ತವೆ. ಅದರಲ್ಲಿ ಮಾಹಿತಿ ಸೊನ್ನೆ. ಹೆನ್ರಿ ಕ್ಯಾವಿಲ್ ಮುಖ ಅಂಟಿಸಿದ ಟ್ರೇಲರ್‌ಗಳೂ ಸುಳ್ಳು. ಅಮೆಜಾನ್ ಎಂಜಿಎಂ ಅಧಿಕೃತವಾಗಿ ಹೇಳುವವರೆಗೆ ಫಾರ್ವರ್ಡ್ ಮಾಡಬೇಡಿ.

ಇನ್ನು "ಭಾರತದಾಗ ಬಾಂಡ್ ಹಕ್ಕು ಮುಗದಾವ, ಯಾರ ಬೇಕಾದ್ರೂ ಸಿನಿಮಾ ತೆಗೀಬಹುದು" ಎಂಬ ಮಾತು. ಇದರಲ್ಲಿ ಅರ್ಧ ಸತ್ಯ ಇದೆ. ಬಾಂಡ್ ಕಾದಂಬರಿಗಳ ಲೇಖಕ ಇಯಾನ್ ಫ್ಲೆಮಿಂಗ್ ತೀರಿಕೊಂಡದ್ದು 1964ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ಮರಣದ ನಂತರ 60 ವರ್ಷ, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಬಾಂಡ್ ಕಾದಂಬರಿಗಳು 2025ರ ಜನವರಿ 1ರಿಂದ ಭಾರತದಲ್ಲಿ ಮುಕ್ತ. ಬ್ರಿಟನ್ನಿನಲ್ಲಿ 70 ವರ್ಷ, 2034ರ ಕೊನೆಯವರೆಗೆ ಹಕ್ಕು ಇದೆ. ಸಿನಿಮಾದ ಸಂಗೀತ, ಪಿಸ್ತೂಲಿನ ನಳಿಗೆಯೊಳಗಿಂದ ಕಾಣುವ ಆರಂಭ, 007 ಲಾಂಛನ ಇವು ಬೇರೆ ಹಕ್ಕುಗಳು, ಅವುಗಳನ್ನು ಮುಟ್ಟುವಂತಿಲ್ಲ. ಆದರೆ ಕಾದಂಬರಿಗಳನ್ನು ಕನ್ನಡಕ್ಕೆ ತರಲು ಈಗ ದಾರಿ ತೆರೆದಿದೆ. ಶುರು ಮಾಡುವವರು 1955ರ "ಮೂನ್‌ರೇಕರ್" ಎತ್ತಿಕೊಳ್ಳಲಿ. 1979ರ ಚಿತ್ರ ಅದರಿಂದ ಹೆಸರು ಮತ್ತು ಡ್ರಾಕ್ಸ್ ಎಂಬ ಖಳನನ್ನು ಬಿಟ್ಟರೆ ಹೆಚ್ಚೇನೂ ತೆಗೆದುಕೊಳ್ಳಲಿಲ್ಲ, ಬಾಹ್ಯಾಕಾಶಕ್ಕೆ ಹಾರಿಬಿಟ್ಟಿತು. ಕಾದಂಬರಿ ಪೂರ್ತಿ ಇಂಗ್ಲೆಂಡಿನ ನೆಲದಲ್ಲೇ ನಡೆಯುತ್ತದೆ: ಲಂಡನ್ನಿನ ಕ್ಲಬ್ಬಿನಲ್ಲಿ ಇಸ್ಪೀಟಿನಲ್ಲಿ ಮೋಸ ಮಾಡುವ ಕೋಟ್ಯಧೀಶ, ಅವನನ್ನು ಅದೇ ಆಟದಲ್ಲಿ ಬಗ್ಗುಬಡಿಯುವ ಬಾಂಡ್, ಕೊನೆಗೆ ಲಂಡನ್ ಕಡೆಗೇ ಗುರಿ ಇಟ್ಟ ಕ್ಷಿಪಣಿ. ವಿಲ್ನವ್ ಮತ್ತು ನೈಟ್‌ಗೂ ನಾನು ತೋರಿಸುವುದು ಇದೇ ಪುಸ್ತಕವನ್ನು. ಆ ಇಸ್ಪೀಟಿನ ಅಧ್ಯಾಯಗಳನ್ನು ಇದುವರೆಗೆ ಯಾವ ಬಾಂಡ್ ಚಿತ್ರವೂ ಪರದೆಗೆ ತಂದಿಲ್ಲ.